ಕಂಸಾಳೆ ಬಿಟ್ಟೇ ಜಾಝ್ ಕಲೀಬೇಕಾ?

ಈ ಸಂಚಿಕೆ ಹುಟ್ಟಿದ್ದು ಒಂದು ವಾಯ್ಸ್ ಮೆಸೇಜಿನಿಂದ. ಕಳಿಸಿದವನು ಗುಂಡ್ಲುಪೇಟೆ ತಾಲ್ಲೂಕಿನ ನಮ್ಮ ಮದ್ದೂರಿನ ಹುಡುಗ. "ಅಣ್ಣ, ನಾನು ಕಂಸಾಳೆ ಬಾರಿಸ್ತೀನಿ. ಜಾಝ್ ಅಂದ್ರೆ ಪ್ರಾಣ. ಅದನ್ನ ಬಿಟ್ಟು ಗಿಟಾರ್ ಹಿಡಿ ಅಂತಾರೆ ಫ್ರೆಂಡ್ಸು. ಬಿಡಬೇಕಾ?"

ಮದ್ದೂರು ಅಂದ್ರೆ ಬಂಡೀಪುರ ಕಾಡಿನಂಚು, ವಯನಾಡಿಗೆ ಹೋಗೋ ದಾರಿ. ರಾತ್ರಿ 9ಕ್ಕೆ ಚೆಕ್‌ಪೋಸ್ಟ್ ಗೇಟ್ ಹಾಕಿದ್ರೆ ಬೆಳಗ್ಗೆ 6ರವರೆಗೆ ಲಾರಿ ಸದ್ದಿಲ್ಲ. ಆ ನಿಶ್ಶಬ್ದದಲ್ಲಿ ಮಾದಪ್ಪನ ಪದ, ಕಂಸಾಳೆ ಕೇಳ್ತಾ ಬೆಳೆದವನು ನಾನೂ. ಹಾಗಾಗಿ ಪ್ರಶ್ನೆ ನನಗೂ ತಟ್ಟಿತು. ಉತ್ತರವಾಗಿ ಇಬ್ಬರ ಕಥೆ ಹೇಳ್ತೀನಿ.

ಮೊದಲನೆಯವರು ಕದ್ರಿ ಗೋಪಾಲನಾಥ್. 1949ರಲ್ಲಿ ದಕ್ಷಿಣ ಕನ್ನಡದ ಸಜೀಪಮೂಡದಲ್ಲಿ ಹುಟ್ಟಿದರು. ಅಪ್ಪ ನಾಗಸ್ವರ ವಿದ್ವಾಂಸರು, ಮೊದಲ ಪಾಠವೂ ಅವರಿಂದಲೇ. ಒಮ್ಮೆ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಆದ್ರೆ ಅದರಲ್ಲಿ ಗಮಕ ನುಡಿಸೋದು ಹೇಗೆ? ನಮ್ಮ ರಾಗದಲ್ಲಿ ಸ್ವರ ಜಾರುತ್ತೆ, ತೂಗುತ್ತೆ. ಸ್ಯಾಕ್ಸೋಫೋನಿನ ಕೀಲಿ ಒತ್ತಿದರೆ ನಿಂತ ಸ್ವರ ಬರುತ್ತೆ. ಉಸಿರು, ತುಟಿ ಪಳಗಿಸಲು ಅವರಿಗೆ ವರ್ಷಗಟ್ಟಲೆ ಹಿಡಿಯಿತು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಪಾಠ. 1980ರಲ್ಲಿ ಬಾಂಬೆಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಇವರನ್ನು ಕೇಳಿ, ಜೊತೆಗೇ ನುಡಿಸಿದರು. 2008ರಲ್ಲಿ ರುದ್ರೇಶ್ ಮಹಂತಪ್ಪ ಅವರೊಂದಿಗೆ 'ಕಿನ್ಸ್‌ಮೆನ್' ಆಲ್ಬಂ ಬಂತು. ಅದರಲ್ಲೂ ಕದ್ರಿಯವರು ನುಡಿಸಿದ್ದು ತಮ್ಮ ಕರ್ನಾಟಕ ಸಂಗೀತವನ್ನೇ.

ಎರಡನೆಯವರು ಬಾಸ್ಟನ್ನಿನ ಚಾರ್ಲಿ ಮರಿಯಾನೋ. ಜಾಝ್ ಸ್ಯಾಕ್ಸೋಫೋನಿನಲ್ಲಿ ದೊಡ್ಡ ಹೆಸರು, ಬರ್ಕ್ಲಿ ಸಂಗೀತ ಶಾಲೆಯಲ್ಲಿ ಮೇಷ್ಟ್ರು. 60ರ ದಶಕದಲ್ಲಿ ಮಲೇಷ್ಯಾಕ್ಕೆ ಹೋದಾಗ ನಾಗಸ್ವರ ಕಿವಿಗೆ ಬಿತ್ತು. ನಲವತ್ತು ದಾಟಿದ ಮೇಷ್ಟ್ರು ಮತ್ತೆ ವಿದ್ಯಾರ್ಥಿಯಾಗಿ ಕೂತರು!

ನೋಡಿ, ಒಬ್ಬರು ನಾಗಸ್ವರದಿಂದ ಸ್ಯಾಕ್ಸೋಫೋನಿಗೆ, ಇನ್ನೊಬ್ಬರು ಸ್ಯಾಕ್ಸೋಫೋನಿನಿಂದ ನಾಗಸ್ವರಕ್ಕೆ. ಇಬ್ಬರೂ ಮೊದಲು ಕಲಿತದ್ದನ್ನು ಎಸೆಯಲಿಲ್ಲ.

ಮರಿಯಾನೋ ಅವರನ್ನು ಬೆಂಗಳೂರಿಗೆ ಸೇರಿಸಿದ್ದು ತಾಳ. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಇಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಶುರು ಮಾಡಿದ್ರು. ಪಾಠ ಹೇಳೋ ಶಾಲೆ, ವೇದಿಕೆ ಏರೋ ತಂಡ ಎರಡೂ ಅದೇ. 1983ರಲ್ಲಿ ಈ ತಂಡ ಮತ್ತು ಮರಿಯಾನೋ ಸೇರಿ 'ಜ್ಯೋತಿ' ಆಲ್ಬಂ ಮಾಡಿದ್ರು. ಹಾಡಿದ್ದು ಆರ್.ಎ. ರಮಾಮಣಿ.

ಆ ಶಾಲೆಯಂಥ ಕಡೆ ಕಲಿಸೋ ಕೊನ್ನಕ್ಕೋಲ್ ಅನ್ನು, ಅಂದ್ರೆ ತಾಳವನ್ನು ಬಾಯಲ್ಲೇ ಹೇಳೋ ವಿದ್ಯೆಯನ್ನು, ಈಗಲೇ ಒಂಚೂರು ಟ್ರೈ ಮಾಡಿ. 'ತ ಕ ತ ಕಿ ಟ' ಅಂತ ಐದೈದು ಅಕ್ಷರ ನಿಲ್ಲಿಸದೆ ಹೇಳಿ. ಕೈಯಲ್ಲಿ ಮಾತ್ರ ನಾಲ್ಕು ಅಕ್ಷರಕ್ಕೊಂದು ಚಪ್ಪಾಳೆ. ಮೊದಲು ಎಡವಟ್ಟಾಗುತ್ತೆ. 20 ಅಕ್ಷರ ಮುಗಿದ ಮೇಲೆ ಬಾಯಿ, ಕೈ ಎರಡೂ ಒಟ್ಟಿಗೆ ಮೊದಲಿಗೆ ಬಂದು ನಿಲ್ತವೆ. ಆ ಸೇರೋ ಖುಷಿ ಇದೆಯಲ್ಲ, ಜಾಝ್‌ನವರು ಹುಡುಕೋದೂ ಅದನ್ನೇ. ಎಡಗೈಲಿ ಬಟ್ಟಲಿನಂಥ ತಾಳ, ಬಲಗೈಲಿ ದಾರ ಕಟ್ಟಿದ ಚಪ್ಪಟೆ ತಾಳ ಬೀಸುತ್ತಾ ಕುಣಿಯೋ ಕಂಸಾಳೆಯವನ ಮೈಗೆ ಈ ಲೆಕ್ಕ ಹೊಸದಲ್ಲ.

ಹಾಗಾದ್ರೆ ಉತ್ತರ ಏನು? ಬಿಡಬೇಡ ತಮ್ಮ. ಮೇಲೊಂದು ಕಲಿ, ಕೊನ್ನಕ್ಕೋಲ್ ಆದ್ರೂ ಸರಿ, ಗಿಟಾರ್ ಆದ್ರೂ ಸರಿ. ಒಂದು ಮಾತು ನೆನಪಿರಲಿ: ದೇವರಗುಡ್ಡರಿಗೆ ಕಂಸಾಳೆ ದೀಕ್ಷೆಯಿಂದ ಬಂದದ್ದು, ಬರೀ ವಾದ್ಯ ಅಲ್ಲ. ಜಾಝ್ ವೇದಿಕೆಗೆ ಒಯ್ಯೋ ಮುಂಚೆ ನಿನಗೆ ಕಲಿಸಿದವರನ್ನ ಕೇಳು. ಮುಂದೆ ನೀನೂ ನಾಲ್ಕು ಜನಕ್ಕೆ ಕಲಿಸೋನಾದ್ರೆ, ಈ ಮಾತನ್ನೂ ಕಲಿಸು.

ನೀವೂ ಪ್ರಶ್ನೆ ಕಳಿಸಿ. ಮುಂದಿನ ವಾರ ಸಿಗೋಣ.