ಸಮ್ಮೇಳನದ ಹಿತ್ತಿಲಲ್ಲಿ ಬೆಳೆದ ಕಥೆಗಾರ್ತಿ

ಈಸ್ಟರ್ ರಜೆ. ಇಂಗ್ಲೆಂಡಿನ ವಾಂಟ್‌ಚೆಸ್ಟರ್ ಎಂಬ ಊರು, ಅಲ್ಲೊಂದು ಹೋಟೆಲ್ ಬ್ಯಾಬಿಲಾನ್. ಒಳಗೆ ಫ್ಯಾಂಟಸಿ ಸಾಹಿತ್ಯದ ಸಮ್ಮೇಳನ ಭರದಿಂದ ನಡೆದಿದೆ. ಯಾವ ಕಟ್ಟಡದಲ್ಲೇ ಆಗಲಿ, ಕಾರಿಡಾರಿನಲ್ಲಿ ಒಂದೇ ದಿಕ್ಕಿಗೆ ನಾಲ್ಕು ಸಲ ತಿರುಗಿದರೆ ಹೊರಟ ಜಾಗಕ್ಕೇ ಬಂದು ನಿಲ್ಲಬೇಕು. ಇಲ್ಲಿ ಹಾಗಿಲ್ಲ. ಐದಾಯಿತು, ಆರಾಯಿತು, ತಿರುವುಗಳು ಮುಗಿಯುವುದೇ ಇಲ್ಲ. ಕೋಣೆ ಸಿಗುವುದೂ ಇಲ್ಲ. ಮುಖ್ಯ ಅತಿಥಿಯಾಗಿ ಬಂದ ಜನಪ್ರಿಯ ಲೇಖಕನಿಗೆ ಬರವಣಿಗೆಗಿಂತ ತನ್ನ ಮನೆಯ ಹಳೇ ಕಿಟಕಿ ಗಾಜಿನ ಬೆಲೆಯ ಬಗ್ಗೆ ಮಾತಾಡುವುದೇ ಇಷ್ಟ. ಇದರ ನಡುವೆ ಅರ್ಧ ಕುದುರೆ, ಅರ್ಧ ಮನುಷ್ಯನಾದ ಜೀವಿಯೊಂದು ಹೋಟೆಲಿಗೆ ಬರುತ್ತದೆ. ಯಾರೂ ಕಿರುಚುವುದಿಲ್ಲ. ವೇಷ ಹಾಕಿಕೊಂಡವರೇ ತುಂಬಿರುವಲ್ಲಿ ಇದೂ ಒಂದು ಒಳ್ಳೆಯ ವೇಷ, ಅಷ್ಟೇ.

ಇದು 1997ರಲ್ಲಿ ಬಂದ 'ಡೀಪ್ ಸೀಕ್ರೆಟ್' ಕಾದಂಬರಿಯ ಲೋಕ. ಬರೆದವರು ಡಯಾನಾ ವಿನ್ ಜೋನ್ಸ್. ಊರು, ಹೋಟೆಲು ಎರಡೂ ಅವರ ಕಲ್ಪನೆ. ಸಮ್ಮೇಳನ ಮಾತ್ರ ಬ್ರಿಟನ್ನಿನ ಓದುಗರು ಕಂಡು ಉಂಡದ್ದೇ. 1937ರ ಜನವರಿಯಲ್ಲಿ ಲೀಡ್ಸ್ ನಗರದಲ್ಲಿ ವಿಜ್ಞಾನ ಕಥೆಗಳ ಹುಚ್ಚಿದ್ದ ಕೆಲವರು ಒಂದೆಡೆ ಸೇರಿದ್ದರು. ಆಗಿನ್ನೂ 19ರ ತರುಣನಾಗಿದ್ದ ಆರ್ಥರ್ ಸಿ. ಕ್ಲಾರ್ಕ್ ಆ ಚಿಕ್ಕ ಗುಂಪಿನಲ್ಲಿದ್ದರು. ಮುಂದೆ ಇಂಥ ಕೂಟ ಈಸ್ಟರ್ ವಾರಾಂತ್ಯಕ್ಕೆ ನೆಲೆನಿಂತು 'ಈಸ್ಟರ್‌ಕಾನ್' ಎಂದು ಹೆಸರಾಯಿತು. ದೊಡ್ಡದೊಂದು ಹೋಟೆಲ್ ಹಿಡಿದು, ಬೆಳಿಗ್ಗೆಯಿಂದ ನಡುರಾತ್ರಿಯವರೆಗೆ ಗೋಷ್ಠಿ, ಪುಸ್ತಕ ಮಳಿಗೆ, ಚಿತ್ರ ಪ್ರದರ್ಶನ, ವೇಷಭೂಷಣ, ಬಾರಿನಲ್ಲಿ ಹರಟೆ. ಬರೆಯುವವರೂ ಓದುವವರೂ ಒಂದೇ ಲಿಫ್ಟಿಗೆ ಕಾಯುತ್ತಾರೆ.

ಮಕ್ಕಳ ಪುಸ್ತಕ ಬರೆಯುವವರ ಪೈಕಿ ಈ ಲೋಕವನ್ನು ಡಯಾನಾ ಅವರಷ್ಟು ಹತ್ತಿರದಿಂದ, ಅಷ್ಟೇ ತುಂಟ ಕಣ್ಣಿನಿಂದ ನೋಡಿದವರು ಕಡಿಮೆ. ಅದಕ್ಕೊಂದು ಹಿನ್ನೆಲೆಯಿದೆ. ಸಮ್ಮೇಳನಗಳ ಸಹವಾಸ ಅವರಿಗೆ ಲೇಖಕಿಯಾದ ಮೇಲೆ ಅಂಟಿದ್ದಲ್ಲ. ಬಾಲ್ಯದಲ್ಲೇ ಹೆತ್ತವರು ಅವರನ್ನು ಅದರ ಹಿತ್ತಿಲಿಗೆ ತಂದುಬಿಟ್ಟಿದ್ದರು.

1934ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಹುಡುಗಿ ಐದು ತುಂಬುವ ಹೊತ್ತಿಗೆ ಎರಡನೇ ಮಹಾಯುದ್ಧ ಶುರುವಾಯಿತು. ಬಾಂಬಿನ ಭಯಕ್ಕೆ ಮಕ್ಕಳನ್ನು ಊರು ಬಿಡಿಸಿದಾಗ ಮೊದಲು ವೇಲ್ಸ್, ಆಮೇಲೆ ಸರೋವರಗಳ ನಾಡು ಎನಿಸಿದ ಲೇಕ್ ಡಿಸ್ಟ್ರಿಕ್ಟ್. ಮಕ್ಕಳ ಸಾಹಿತ್ಯದ ಇಬ್ಬರು ದೊಡ್ಡವರು ಅಲ್ಲೇ ಆಸುಪಾಸಿನಲ್ಲಿದ್ದರು. ಡಯಾನಾ ಬರೆದುಕೊಂಡಿರುವ ಪ್ರಕಾರ, ಮಕ್ಕಳ ಗಲಾಟೆ ತಾಳಲಾರೆ ಎಂದು ದೂರು ತಂದವರು ಆರ್ಥರ್ ರ‍್ಯಾನ್ಸಮ್. ಗೇಟು ಹತ್ತಿ ತೂಗಿದ್ದಕ್ಕೆ ತಂಗಿ ಇಸಾಬೆಲ್‌ಗೆ ಏಟು ಕೊಟ್ಟವರು ಬಿಯಾಟ್ರಿಕ್ಸ್ ಪಾಟರ್. ಮಕ್ಕಳಿಗಾಗಿ ಬರೆಯುವವರಿಗೆ ಮಕ್ಕಳನ್ನು ಕಂಡರಾಗದು ಎಂಬ ತೀರ್ಮಾನಕ್ಕೆ ಆ ವಯಸ್ಸಿನಲ್ಲೇ ಬಂದಿದ್ದಳು ಹುಡುಗಿ. ಎಂಟನೇ ವಯಸ್ಸಿನಲ್ಲಿ ತಾನು ಲೇಖಕಿಯಾಗುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ಅಪ್ಪ ಅಮ್ಮ ಬಿದ್ದು ಬಿದ್ದು ನಕ್ಕರು. ಎಡಗೈಯಲ್ಲಿ ಬರೆಯುವ, ಅಕ್ಷರಗಳು ಅದಲುಬದಲಾಗುವ ಮಗು ಪುಸ್ತಕ ಬರೆಯುವುದೇ?

1943ರಲ್ಲಿ ಸಂಸಾರ ಎಸೆಕ್ಸ್‌ನ ಥ್ಯಾಕ್ಸ್‌ಟೆಡ್ ಎಂಬ ಊರಿಗೆ ಬಂತು. ಜಾನಪದ ಕುಣಿತಕ್ಕೂ ಸಂಗೀತಕ್ಕೂ ಹೆಸರಾದ ಊರದು. ಅಲ್ಲಿ ತಂದೆ ತಾಯಿ ಸೇರಿ ತರುಣರಿಗಾಗಿ ಒಂದು ಶೈಕ್ಷಣಿಕ ಸಮ್ಮೇಳನ ಕೇಂದ್ರ ನಡೆಸತೊಡಗಿದರು. ಚೆಂದದ ಹಳೇ ಬಂಗಲೆ, ವಾರ ವಾರವೂ ಹೊಸ ಶಿಬಿರಾರ್ಥಿಗಳು, ಸಂಸ್ಕೃತಿ ಮತ್ತು ಶಿಕ್ಷಣದ ಮೇಲೆ ಚರ್ಚೆ. ಬಂಗಲೆಯೆಲ್ಲ ಅತಿಥಿಗಳಿಗೆ ಬೇಕಾದ್ದರಿಂದ ಮೂವರು ಹೆಣ್ಣುಮಕ್ಕಳ ವಾಸ ಅಂಗಳದಾಚೆಯ ಎರಡು ಕೋಣೆಯ ಗುಡಿಸಿಲಿನಂಥ ಮನೆಯಲ್ಲಿ. ಅಲ್ಲಿ ನಲ್ಲಿ ನೀರಿಲ್ಲ, ಗೋಡೆಗೆ ತೇವ, ಚಳಿಗಾಲಕ್ಕೆ ಸೀಮೆಎಣ್ಣೆ ಒಲೆ. ಊರವರ ಮಕ್ಕಳ ಬೆಳವಣಿಗೆಯ ಚಿಂತೆಯಲ್ಲಿ ಮುಳುಗಿದವರಿಗೆ ಸ್ವಂತ ಮಕ್ಕಳು ಕಣ್ಣಿಗೆ ಬೀಳಲಿಲ್ಲ. 1981ರ 'ದಿ ಟೈಮ್ ಆಫ್ ದಿ ಘೋಸ್ಟ್' ಕಾದಂಬರಿಯಲ್ಲಿ ಇದು ಶಾಲೆ ನಡೆಸುವ ತಂದೆ ತಾಯಿಯ ಕಥೆಯಾಗಿ ಬಂದಿದೆ. ಅದರಲ್ಲಿ ಒಬ್ಬಳು ಕಾಣೆಯಾದರೆ ಹೆತ್ತವರಿಗೆ ಗೊತ್ತಾಗುತ್ತದೆಯೇ ಎಂದು ಅಕ್ಕತಂಗಿಯರು ಪರೀಕ್ಷೆಯನ್ನೇ ಮಾಡುತ್ತಾರೆ.

ಪುಸ್ತಕದ ವಿಷಯದಲ್ಲಿ ಅಪ್ಪನ ಕೈ ಇನ್ನೂ ಬಿಗಿ. ರ‍್ಯಾನ್ಸಮ್ ಕಾದಂಬರಿಗಳ ಇಡೀ ಕಟ್ಟನ್ನು ಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಕ್ರಿಸ್‌ಮಸ್ಸಿಗೊಂದರಂತೆ, ಮೂವರಿಗೂ ಸೇರಿ ಒಂದೇ ಪುಸ್ತಕ. ಓದಲು ಏನೂ ಉಳಿಯದಾದಾಗ ಅಕ್ಕ ತಾನೇ ಬರೆಯಲು ಕುಳಿತಳು. ನೋಟ್‌ಬುಕ್ಕುಗಳು ತುಂಬುತ್ತ ಹೋದವು; ಬರೆದಷ್ಟನ್ನು ರಾತ್ರಿ ತಂಗಿಯರಿಗೆ ಓದಿ ಹೇಳುವುದು. ಅವರು ಮುಂದೇನಾಯಿತು ಎಂದು ಕೇಳಿದರೆ ಮಾತ್ರ ಬರೆದದ್ದಕ್ಕೆ ಅರ್ಥ. ಬಂಗಲೆಯಲ್ಲಿ ನಡೆಯುತ್ತಿದ್ದ ಶಿಬಿರಗಳನ್ನು ಬಿಡಿ, ಡಯಾನಾ ಪಾಲಿನ ಮೊದಲ ಕಥಾ ಕಮ್ಮಟ ನಡೆದದ್ದು ಆ ತೇವದ ಕೋಣೆಯಲ್ಲಿ.

1953ರಲ್ಲಿ ಆಕ್ಸ್‌ಫರ್ಡಿನ ಸೇಂಟ್ ಆ್ಯನ್ಸ್ ಕಾಲೇಜು ಸೇರಿದಾಗ ಇಬ್ಬರು ಮೇಷ್ಟ್ರುಗಳ ಉಪನ್ಯಾಸ ಸಿಕ್ಕಿತು. ಸಿ.ಎಸ್. ಲೂಯಿಸ್ ಅವರದು ಗುಡುಗಿನ ದನಿ, ಕಿಕ್ಕಿರಿದ ಸಭಾಂಗಣ. ಜೆ.ಆರ್.ಆರ್. ಟೋಲ್ಕಿನ್ ಅವರದು ತದ್ವಿರುದ್ಧ: ಕರಿಹಲಗೆಗೆ ಮುಖ ಮಾಡಿ ಗೊಣಗುವ ರೀತಿ. ಕೇಳುವವರೆಲ್ಲ ಎದ್ದು ಹೋದರೆ ತಾವು ಮನೆಗೆ ಹೋಗಿ ಬರೆಯಬಹುದು ಎಂಬುದೇ ಅವರ ಆಸೆಯಿತ್ತೆಂದು ಡಯಾನಾ ಮುಂದೆ ನಗುತ್ತ ಹೇಳುತ್ತಿದ್ದರು. ಆದರೂ ಪಟ್ಟು ಬಿಡದೆ ಕುಳಿತರು. ಒಬ್ಬ ಮನುಷ್ಯ ಪಯಣ ಹೊರಡುವ ಸರಳ ಕಥೆ, ಸಣ್ಣದೊಂದು ಬದಲಾವಣೆಯಿಂದ ಹೇಗೆ ಬೇರೆಯೇ ಕಥೆಯಾಗುತ್ತದೆ ಎಂಬುದನ್ನು ಆ ಗೊಣಗಾಟದಿಂದಲೇ ಹೆಕ್ಕಿಕೊಂಡರು.

1956ರಲ್ಲಿ ಮಧ್ಯಯುಗದ ಸಾಹಿತ್ಯದ ವಿದ್ವಾಂಸ ಜಾನ್ ಬರೋ ಅವರೊಂದಿಗೆ ಮದುವೆ, ನಂತರ ಮೂವರು ಗಂಡುಮಕ್ಕಳು. ಮಕ್ಕಳಿಗೆ ಓದಿ ಹೇಳುತ್ತ ಹೇಳುತ್ತ, ಆಗ ಸಿಗುತ್ತಿದ್ದ ಪುಸ್ತಕಗಳಲ್ಲಿ ಏನು ಕೊರತೆ ಎಂಬುದು ಹೊಳೆಯಿತು. ಮಕ್ಕಳಿಗಾಗಿ ಬರೆದ ಮೊದಲ ಕಾದಂಬರಿ 'ವಿಲ್ಕಿನ್ಸ್ ಟೂತ್' 1973ರಲ್ಲಿ ಬಂತು. 1976ರಲ್ಲಿ ಸಂಸಾರ ಬ್ರಿಸ್ಟಲ್‌ಗೆ ಹೋಯಿತು; ಮರುವರ್ಷದ 'ಚಾರ್ಮ್‌ಡ್ ಲೈಫ್' ಗಾರ್ಡಿಯನ್ ಪ್ರಶಸ್ತಿ ಪಡೆಯಿತು. ಅಲ್ಲಿಂದ ಮುಂದೆ ಕರೆಗಳ ಮೇಲೆ ಕರೆ: ಶಾಲೆಗಳು, ಗ್ರಂಥಾಲಯಗಳು, ಶಿಕ್ಷಕರ ಸಭೆಗಳು, ಫ್ಯಾಂಟಸಿ ಸಮ್ಮೇಳನಗಳು. ರೈಲು ಹತ್ತಿದರೆ ರೈಲೇ ಕೆಡುವಂಥ ಪ್ರಯಾಣದ ಶಾಪವೊಂದು ತಮಗೆ ತಟ್ಟಿದೆ ಎಂದು ತಮಾಷೆ ಮಾಡುತ್ತಿದ್ದರು. ಆದರೂ ಹೋಗುವುದನ್ನು ಬಿಡಲಿಲ್ಲ.

ಹೋದದ್ದಕ್ಕೆ ಪ್ರತಿಫಲವೂ ಸಿಕ್ಕಿತು. ಒಂದು ಶಾಲೆಗೆ ಹೋಗಿದ್ದಾಗ ಹುಡುಗನೊಬ್ಬ ಚಲಿಸುವ ಕೋಟೆಯ ಬಗ್ಗೆ ಒಂದು ಪುಸ್ತಕ ಬರೆಯಿರಿ ಎಂದು ಕೇಳಿದ. ಅವನ ಹೆಸರನ್ನು ಡಯಾನಾ ಚೀಟಿಯಲ್ಲಿ ಬರೆದುಕೊಂಡು ಜೋಪಾನವಾಗಿಟ್ಟರು. ಎಷ್ಟು ಜೋಪಾನವೆಂದರೆ ಆಮೇಲೆ ಅದು ಅವರಿಗೇ ಸಿಗಲಿಲ್ಲ. 1986ರಲ್ಲಿ 'ಹೌಲ್ಸ್ ಮೂವಿಂಗ್ ಕ್ಯಾಸಲ್' ಅಚ್ಚಾದಾಗ ಆ ಹೆಸರಿಲ್ಲದ ಹುಡುಗನಿಗೆ ಪುಸ್ತಕದ ಆರಂಭದಲ್ಲೇ ಕೃತಜ್ಞತೆ ಹೇಳಿದ್ದಾರೆ. 2004ರಲ್ಲಿ ಜಪಾನಿನ ಹಯಾವೊ ಮಿಯಾಜಾಕಿ ಅದನ್ನು ಅನಿಮೇಷನ್ ಚಿತ್ರವಾಗಿಸಿದ ಮೇಲೆ ಆ ಕೋಟೆ ಜಗತ್ತನ್ನೆಲ್ಲ ಸುತ್ತಿತು.

ಇನ್ನೊಮ್ಮೆ ಒಬ್ಬ ತಾಯಿ ಎದುರು ನಿಂತು ತರಾಟೆಗೆ ತೆಗೆದುಕೊಂಡರು: ನಿಮ್ಮ ಪುಸ್ತಕ ಮಕ್ಕಳಿಗೆ ಅರ್ಥವಾಗುವಂತಿಲ್ಲ, ತುಂಬ ಕಷ್ಟ. ಪಕ್ಕದಲ್ಲಿದ್ದ ಮಗ ಮೆಲ್ಲಗೆ, ಅಮ್ಮನಿಗಷ್ಟೇ ಅರ್ಥವಾಗಲಿಲ್ಲ, ತನಗೆ ಎಲ್ಲ ಅರ್ಥವಾಯಿತು ಎಂದು ಸಮಾಧಾನ ಹೇಳಿದ. ಈ ಪ್ರಸಂಗವನ್ನು ನೆನೆಯುತ್ತ ಡಯಾನಾ ಒಂದು ಪ್ರಬಂಧದಲ್ಲಿ ವಾದ ಹೂಡಿದರು. ಮಕ್ಕಳು ಶಾಲೆಯಲ್ಲಿ ಗಂಟೆ ಗಂಟೆಗೂ ಹೊಸದನ್ನು ಅರ್ಥ ಮಾಡಿಕೊಳ್ಳುವ ಶ್ರಮಕ್ಕೆ ಒಗ್ಗಿದವರು; ಕಥೆಯಲ್ಲಿ ಒಂದು ಮಾತನ್ನು ಒಮ್ಮೆ ಹೇಳಿದರೆ ಸಾಕು, ಹಿಡಿದುಕೊಳ್ಳುತ್ತಾರೆ. ದೊಡ್ಡವರಿಗಾಗಿ ಕಾದಂಬರಿ ಬರೆಯಲು ಕುಳಿತಾಗ ಮಾತ್ರ ಎಲ್ಲವನ್ನೂ ಬಿಡಿಸಿ, ಮತ್ತೊಮ್ಮೆ ಜ್ಞಾಪಿಸಿ ಬರೆಯಬೇಕಾಯಿತಂತೆ. ಬ್ರಿಸ್ಟಲಿನ ಮನೆಯೆದುರಿನ ಚಿಕ್ಕ ಕಾಡಿಗೆ ಆಡಲು ಬರುತ್ತಿದ್ದ ಮಕ್ಕಳೂ ಈ ವಾದಕ್ಕೆ ಸಾಕ್ಷಿ. ಆಟದ ಲೋಕ ನಿಜವಲ್ಲ ಎಂಬುದು ಮಕ್ಕಳಿಗೆ ಗೊತ್ತು. ಗೊತ್ತಿದ್ದೂ ಪೂರ್ತಿ ಮನಸ್ಸಿಟ್ಟು ಆಡುತ್ತಾರೆ. ಕಿಟಕಿಯಿಂದ ನೋಡುತ್ತಿದ್ದ ಲೇಖಕಿ ಅವರ ಮೇಲೆ ಒಂದು ಪ್ರಬಂಧವನ್ನೇ ಬರೆದರು.

1992ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ಬಿರುಗಾಳಿಯ ವೇಗದಲ್ಲಿ ಊರೂರು ಸುತ್ತಿ ಉಪನ್ಯಾಸ ಕೊಟ್ಟರು. ಅದರಲ್ಲೊಂದರ ವಿಷಯ, ಮಕ್ಕಳ ಲೇಖಕರೆಲ್ಲ ಕೇಳಿ ಕೇಳಿ ಬೇಸತ್ತ ಪ್ರಶ್ನೆ: ನೀವು 'ನಿಜವಾದ' ಪುಸ್ತಕ ಯಾಕೆ ಬರೆಯುವುದಿಲ್ಲ? 1995ರಲ್ಲಿ ಅಮೆರಿಕದ ಬಾಸ್ಟನ್ ಭಾಗದ ಬೋಸ್ಕೋನ್ ಸಮ್ಮೇಳನ ಅವರನ್ನು ಗೌರವ ಅತಿಥಿಯಾಗಿ ಕರೆಯಿತು. ಆ ನೆಪದಲ್ಲಿ ಸಂಘಟಕರ ಸಂಸ್ಥೆ ಅವರ ಬರಹಗಳ ಸಂಕಲನ 'ಎವರಾರ್ಡ್ಸ್ ರೈಡ್' ಪ್ರಕಟಿಸಿತು. ಆ ವರ್ಷಗಳಲ್ಲಿ ಅವರು ಮತ್ತೆ ಮತ್ತೆ ಎತ್ತಿಕೊಂಡ ವಿಷಯ ನಿಯಮಗಳದು. ಫ್ಯಾಂಟಸಿ ಹೀಗೇ ಇರಬೇಕು, ಮಕ್ಕಳ ಪುಸ್ತಕದಲ್ಲಿ ಇಂಥದ್ದು ಕೂಡದು ಎಂದು ಯಾರೋ ಹಾಕಿಟ್ಟ ಕಟ್ಟುಪಾಡುಗಳನ್ನು ಲೇಖಕರು ಕಣ್ಣುಮುಚ್ಚಿ ಪಾಲಿಸುವುದು ಅವರಿಗೆ ಸುತರಾಂ ಹಿಡಿಸುತ್ತಿರಲಿಲ್ಲ.

ಆ ಸಿಟ್ಟು ನಗುವಾಗಿ ಹೊರಬಂದದ್ದು 1996ರ 'ದಿ ಟಫ್ ಗೈಡ್ ಟು ಫ್ಯಾಂಟಸಿಲ್ಯಾಂಡ್' ಪುಸ್ತಕದಲ್ಲಿ. ಹೊರನೋಟಕ್ಕೆ ಅದು ಅಕಾರಾದಿಯಾಗಿ ಜೋಡಿಸಿದ ಪ್ರವಾಸಿ ಕೈಪಿಡಿ. ಫ್ಯಾಂಟಸಿ ನಾಡಿಗೆ ಹೋದರೆ ಊಟಕ್ಕೆ ಸಿಗುವುದು ಬರೀ ಸ್ಟ್ಯೂ. ಅಲ್ಲಿನ ಕುದುರೆಗಳಿಗೆ ದಣಿವೆಂಬುದಿಲ್ಲ. ಮರಿ ಹಾಕಿದ್ದನ್ನೂ ಯಾರೂ ಕಂಡಿಲ್ಲವಾದ್ದರಿಂದ ಗಿಡಗಳಂತೆ ಪರಾಗದಿಂದ ಹುಟ್ಟುತ್ತಿರಬೇಕು. ನಕಾಶೆಯಲ್ಲಿ ಕಾಣುವ ಪ್ರತಿಯೊಂದು ಊರಿಗೂ ನೀವು ಹೋಗಲೇಬೇಕು. ಕಮ್ಮಟಗಳಲ್ಲಿ ಹೊಸಬರ ಹಸ್ತಪ್ರತಿ ತಿದ್ದುವವರು ದಿನವೂ ಕಾಣುವ ಸವಕಲು ಸರಕೆಲ್ಲ ಅಲ್ಲಿತ್ತು. ಪುಸ್ತಕ ಹ್ಯೂಗೋ ಪ್ರಶಸ್ತಿಯ ಅಂತಿಮ ಪಟ್ಟಿಯವರೆಗೂ ಹೋಯಿತು. ಎರಡು ವರ್ಷದಲ್ಲಿ ಅದೇ ತಮಾಷೆ 'ಡಾರ್ಕ್ ಲಾರ್ಡ್ ಆಫ್ ಡರ್ಕ್‌ಹೋಮ್' ಕಾದಂಬರಿಯಾಯಿತು: ಬೇರೆ ಲೋಕದ ವ್ಯಾಪಾರಿಯೊಬ್ಬ ಇಡೀ ಮಾಯಾನಾಡನ್ನು ಪ್ಯಾಕೇಜ್ ಟೂರಿನ ತಾಣ ಮಾಡಿಕೊಂಡಿದ್ದಾನೆ, ಪ್ರವಾಸಿಗರಿಗೆ ಕದನದ ರೋಮಾಂಚನ ಒದಗಿಸಿ ಒದಗಿಸಿ ಅಲ್ಲಿನ ಹೊಲ, ಊರುಗಳೆಲ್ಲ ಹಾಳಾಗಿವೆ. ಇವೆರಡರ ನಡುವೆ ಬಂದದ್ದೇ ಹೋಟೆಲ್ ಬ್ಯಾಬಿಲಾನ್‌ನ ಕಥೆ.

ಹಾಗಾದರೆ ಬರೆಯುವುದು ಹೇಗೆ ಎಂದು ಕೇಳಿದವರಿಗೆ ಅವರ ಬಳಿ ಇದ್ದದ್ದು ಕೆಲವೇ ಸುಳಿವುಗಳು. ಬರೆಯುವವರಿಗೆ ಅದರಲ್ಲಿ ಖುಷಿ ಸಿಗಬೇಕು. ಪ್ರತಿಯೊಬ್ಬರೂ ತಮ್ಮದೇ ದಾರಿ ಹುಡುಕಿಕೊಳ್ಳಬೇಕು. ಅವರ ಸ್ವಂತ ಕ್ರಮದಲ್ಲಿ ಮೊದಲೇ ಹಾಕಿಕೊಂಡ ನೀಲನಕ್ಷೆ ಇರುತ್ತಿರಲಿಲ್ಲ. ಕಥೆಯ ಆರಂಭ ಗೊತ್ತಿರಬೇಕು, ನಡುವಿನ ಒಂದು ದೃಶ್ಯ ಕಣ್ಣಿಗೆ ಕಟ್ಟಿದಂತಿರಬೇಕು. ಅಲ್ಲಿಂದ ಇಲ್ಲಿಗೆ ಬರುವುದು ಹೇಗೆಂದು ತಿಳಿಯಲೆಂದೇ ಬರೆಯುವುದು. ಮೊದಲ ಕರಡು ಸರಾಗವಾಗಿ ಹರಿಯಲಿ. ಎರಡನೆಯದರಲ್ಲಿ ಪ್ರತಿ ಸಾಲನ್ನೂ ಕೂತು ಪರೀಕ್ಷಿಸಬೇಕು.

ಕೊನೆಕೊನೆಗೆ ಅವರೇ ಸಮ್ಮೇಳನಗಳಿಗೆ ವಸ್ತುವಾದರು. 2006ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2007ರಲ್ಲಿ ಜೀವಮಾನದ ಸಾಧನೆಗಾಗಿ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಬಂತು. 2009ರ ಜುಲೈನಲ್ಲಿ ಅವರ ಕೃತಿಗಳ ಮೇಲೆಯೇ ಬ್ರಿಸ್ಟಲಿನಲ್ಲಿ ವಿದ್ವಾಂಸರ ಸಮ್ಮೇಳನ ಏರ್ಪಟ್ಟಿತು. ಆ ಬೇಸಿಗೆಯ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಗಿತ್ತು. ಅದೇ ತಿಂಗಳು ಶಸ್ತ್ರಚಿಕಿತ್ಸೆಯೂ ಆಯಿತು. ಮರುವರ್ಷ ಕೀಮೋಥೆರಪಿ ನಿಲ್ಲಿಸುವ ತೀರ್ಮಾನವನ್ನು ಅವರೇ ತೆಗೆದುಕೊಂಡರು. 2011ರ ಮಾರ್ಚ್ 26ರಂದು ತೀರಿಕೊಂಡರು. ದಶಕಗಳ ಕಾಲ ಸಭೆಗಳಲ್ಲಿ ಆಡಿದ ಮಾತುಗಳು, ಪ್ರಬಂಧಗಳು 2012ರಲ್ಲಿ 'ರಿಫ್ಲೆಕ್ಷನ್ಸ್' ಎಂಬ ಸಂಪುಟವಾಗಿ ಬಂದವು.

ಒಂದು ಕಾದಂಬರಿ ಅರ್ಧಕ್ಕೆ ನಿಂತಿತ್ತು. ನೀಲನಕ್ಷೆ ಹಾಕುವ ಅಭ್ಯಾಸವೇ ಇಲ್ಲದವರು ಮುಂದಿನ ಕಥೆಯ ಟಿಪ್ಪಣಿಯನ್ನೂ ಬಿಟ್ಟುಹೋಗಿರಲಿಲ್ಲ. ಅದನ್ನು ಪೂರ್ತಿ ಮಾಡುವ ಕೆಲಸ ಕಿರಿಯ ತಂಗಿ ಅರ್ಸುಲಾ ಪಾಲಿಗೆ ಬಂತು. ನಟಿಯಾಗಿ, ಮಕ್ಕಳ ಲೇಖಕಿಯಾಗಿ ಹೆಸರು ಮಾಡಿದ ಅರ್ಸುಲಾ ಅಕ್ಕನ ದನಿಯನ್ನು ಹಿಡಿದು ಬರೆದರು. 'ದಿ ಐಲೆಂಡ್ಸ್ ಆಫ್ ಚಾಲ್ಡಿಯಾ' 2014ರಲ್ಲಿ ಇಬ್ಬರ ಹೆಸರಿನಲ್ಲೂ ಹೊರಬಂತು. ಅಕ್ಕ ಯಾವ ಪುಟದಲ್ಲಿ ನಿಲ್ಲಿಸಿದರು, ತಂಗಿ ಎಲ್ಲಿಂದ ಶುರು ಮಾಡಿದರು ಎಂಬುದನ್ನು ಕಥೆಯೊಳಗೆ ಎಲ್ಲೂ ಗುರುತು ಮಾಡಿಲ್ಲ.