ಚೌಕಟ್ಟಿನ ಆಚೆ ನಿಂತವರು

ರಾಯಚೂರಿನಿಂದ ಮಂತ್ರಾಲಯ ರೋಡ್ ಕಡೆ ಹೋಗುವ ರೈಲು ಹಾದಿಯಲ್ಲಿ ಸಿಗುವ ಊರು ಮಟಮಾರಿ. ಈ ಸೀಮೆಯ ಹಳ್ಳಿಗಳಿಗೆ ಸುಗ್ಗಿ ಮುಗಿಯುವ ಹೊತ್ತಿಗೆ ಬಸವನನ್ನು ಆಡಿಸುವವರು ಬರುವುದುಂಟು. ಎತ್ತಿನ ಬೆನ್ನಿಗೆ ಬಣ್ಣದ ಜೂಲು, ಕೊರಳಿಗೆ ಗಂಟೆಸರ. “ಈ ಮನಿಗೆ ಒಳ್ಳೇದಾಗತದೇನಪ್ಪಾ ಬಸವಣ್ಣ?” ಎಂದರೆ ಎತ್ತು ಗೋಣು ಹಾಕುತ್ತದೆ, ಒಳಗಿನಿಂದ ಮೊರದ ತುಂಬ ಜೋಳ ಬರುತ್ತದೆ. ಪ್ರಶ್ನೆಯ ಅರ್ಥ ಎತ್ತಿಗೆ ತಿಳಿಯಬೇಕಾಗಿಲ್ಲ. ಹಗ್ಗದ ಸಣ್ಣ ಸೆಳೆತ, ದನಿಯ ಏರಿಳಿತ, ಒಡೆಯ ಮುಂದಿಡುವ ಅರ್ಧ ಹೆಜ್ಜೆ ಸಾಕು.

ಬರ್ಲಿನ್ನಿನ ವಿಲ್ಹೆಲ್ಮ್ ಫಾನ್ ಓಸ್ಟೆನ್ ಅವರ ಕುದುರೆ ಹಾನ್ಸ್ ಲೆಕ್ಕ ಬಿಡಿಸುತ್ತದೆಂದು ಒಂದು ಕಾಲದಲ್ಲಿ ದೊಡ್ಡ ಸುದ್ದಿಯಾಗಿತ್ತು. ಕೂಡಿಸಿದ ಮೊತ್ತದಷ್ಟು ಸಲ ಅದು ಗೊರಸು ಬಡಿಯುತ್ತಿತ್ತು. ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್ಸ್ಟ್ 1907ರಲ್ಲಿ ಅದರ ಗುಟ್ಟು ತೋರಿಸಿಕೊಟ್ಟರು: ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಯೂ ತಪ್ಪುತ್ತಿತ್ತು. ಸರಿಯಾದ ಎಣಿಕೆ ಬಂದೊಡನೆ ಎದುರಿಗಿದ್ದವನ ತಲೆ ಅವನಿಗೇ ಅರಿವಿಲ್ಲದಂತೆ ಒಂದಿಷ್ಟು ಅಲುಗುತ್ತಿತ್ತು. ಕುದುರೆ ಅದನ್ನು ಕಂಡು ನಿಲ್ಲಿಸುತ್ತಿತ್ತು. ಲೆಕ್ಕ ಬಾರದ ಆ ಪ್ರಾಣಿಗೆ ಮನುಷ್ಯನ ಮೈಯನ್ನು ಓದುವುದು ಅಷ್ಟು ಚೆನ್ನಾಗಿ ಬರುತ್ತಿತ್ತು. ನನಗಂತೂ ಲೆಕ್ಕಕ್ಕಿಂತ ಇದೇ ದೊಡ್ಡ ವಿದ್ಯೆಯಾಗಿ ಕಾಣುತ್ತದೆ.

ಸಿನಿಮಾದ ಪ್ರಾಣಿ ನಿಂತಿರುವುದೂ ಇದೇ ವಿದ್ಯೆಯ ಮೇಲೆ. ಕ್ಯಾಮೆರಾದ ಪಕ್ಕದಲ್ಲಿ, ಚೌಕಟ್ಟಿನ ಆಚೆ, ತರಬೇತುದಾರ ಇರುತ್ತಾನೆ. ನಾಯಿ ಅವನು ಹೇಳಿದ್ದನ್ನು ಮಾಡಿದ ಕ್ಷಣದಲ್ಲೇ ಕೈಯಲ್ಲಿನ ಕ್ಲಿಕ್ಕರ್ ಎಂಬ ಪುಟ್ಟ ಸಾಧನದ ‘ಟಕ್’ ಸದ್ದು, ಹಿಂದೆಯೇ ಒಂದು ತುಣುಕು ತಿಂಡಿ. ಯಾವ ಚಲನೆಗೆ ತಿಂಡಿ ಸಿಕ್ಕಿತೆಂದು ನಾಯಿಗೆ ತಿಳಿಸುವುದು ಆ ಸದ್ದು. ಅದು ತಡವಾದರೆ ಬೇರೆ ಯಾವುದೋ ಚಲನೆ ಗಟ್ಟಿಯಾಗುತ್ತದೆ. ನಮ್ಮಲ್ಲಿ ಮಾತನ್ನು ಆಮೇಲೆ ಡಬ್ಬಿಂಗ್‌ನಲ್ಲಿ ಸೇರಿಸುವ ರೂಢಿ ಇದ್ದುದರಿಂದ ತರಬೇತುದಾರ ಕೂಗಿ ಹೇಳಿದರೂ ನಡೆಯುತ್ತಿತ್ತು. ಸ್ಥಳದಲ್ಲೇ ಧ್ವನಿ ಹಿಡಿಯುವ ಚಿತ್ರೀಕರಣದಲ್ಲಿ ಕೈಸನ್ನೆಯೇ ಗತಿ, ಅದನ್ನು ಬೇರೆಯಾಗಿ ಕಲಿಸಬೇಕು.

ಪ್ರಾಣಿಯನ್ನು ಬಲ್ಲವನೇ ಚೌಕಟ್ಟಿನೊಳಗೆ ಬಂದದ್ದೂ ಉಂಟು. 1937ರ ‘ಎಲಿಫೆಂಟ್ ಬಾಯ್’ ಚಿತ್ರದ ನಾಯಕ ಸಾಬು, ಮೈಸೂರು ಸೀಮೆಯ ಕಾರಾಪುರದ ಮಾವುತನೊಬ್ಬನ ಮಗ. ಆನೆಯ ಜೊತೆಗಿನ ಅವನ ಸಲಿಗೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಾಸರಗೋಡಿನ ಕಿರಣ್‌ರಾಜ್ ಕೆ. ನಿರ್ದೇಶಿಸಿದ ‘777 ಚಾರ್ಲಿ’ 2022ರ ಜೂನ್ 10ರಂದು ಬಿಡುಗಡೆಯಾದಾಗ ಎಷ್ಟೋ ಜನ ಕಣ್ಣೊರೆಸಿಕೊಂಡು ಥಿಯೇಟರಿನಿಂದ ಹೊರಬಂದರು. ಆ ಚಿತ್ರದ ಲ್ಯಾಬ್ರಡಾರ್ ನಾಯಿ ನಮ್ಮನ್ನು ಅಳಿಸಿದ್ದು ಹೇಗೆ? ಅರ್ಧ ಉತ್ತರ ನಾಯಿಯ ಹುಬ್ಬಿನಲ್ಲಿದೆ. ಹುಬ್ಬಿನ ಒಳತುದಿಯನ್ನು ಮೇಲೆತ್ತುವ ಸ್ನಾಯು ಸಾಕುನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಅದು ಹೆಸರಿಗಷ್ಟೇ ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆ ಹುಬ್ಬೆದ್ದರೆ ಕಣ್ಣು ದೊಡ್ಡದಾಗಿ, ನಮಗೆ ದುಃಖದ ಮುಖವಾಗಿ ಕಾಣುತ್ತದೆ. ಉಳಿದರ್ಧ ಸಂಕಲನಕಾರನ ಮೇಜಿನ ಮೇಲಿದೆ. ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ನಟನೊಬ್ಬನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿಗೆ, ಒಮ್ಮೆ ಶವಪೆಟ್ಟಿಗೆಗೆ ಜೋಡಿಸಿದಾಗ ನೋಡುಗರಿಗೆ ಹಸಿವೂ ಶೋಕವೂ ಕಂಡವಂತೆ. ತೆರೆಯ ಮೇಲಿನ ದುಃಖ ಬಹುಪಾಲು ನಾವೇ ತುಂಬಿದ್ದು. ನಾಯಿ ಆ ಗಳಿಗೆಯಲ್ಲಿ ತಿಂಡಿಯ ಕೈಯನ್ನು ನೋಡುತ್ತಿದ್ದಿರಬಹುದು.

ನನಗೆ ಕಳವಳ ಹುಟ್ಟುವುದು ಇಲ್ಲಿಯೇ. ಪ್ರಾಣಿ ಹೇಗೆ ಕಲಿತಿತೆಂಬುದು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಹಿಂದೆ ಊರೂರಿಗೆ ಬರುತ್ತಿದ್ದ ಕರಡಿಯೂ ಕುಣಿಯುತ್ತಿತ್ತು. ಕಾದ ಸಲಾಕೆಯಿಂದ ಅದರ ಮೂತಿ ತೂತು ಮಾಡಿ ಹಗ್ಗ ಪೋಣಿಸಿರುತ್ತಿದ್ದರು, ಎಳೆದಾಗಿನ ನೋವೇ ಕುಣಿತವಾಗುತ್ತಿತ್ತು. ಅಂಥ ಕರಡಿಗಳು ಕೊನೆಗೆ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರದಂಥ ಕಡೆ ನೆಲೆ ಕಂಡವು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಪಳಗಿಸಬಾರದೆಂದು ಕೇಂದ್ರ ಸರ್ಕಾರ 1998ರಲ್ಲಿ ಅಧಿಸೂಚನೆ ಹೊರಡಿಸಿತು. 2011ರಲ್ಲಿ ಹೋರಿಯೂ ಆ ಪಟ್ಟಿಗೆ ಸೇರಿತು. ಉಳಿದ ಪ್ರಾಣಿಗಳನ್ನು ಚಿತ್ರೀಕರಣಕ್ಕೆ ಬಳಸುವವರು 2001ರ ನಿಯಮಗಳ ಪ್ರಕಾರ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಪಡೆಯಬೇಕು.

ತಿಂಡಿಯಿಂದ ಕಲಿಸಿದರೂ ಎಲ್ಲವನ್ನೂ ಕಲಿಸಲಾಗದು. ಅಮೆರಿಕದ ಪ್ರಾಣಿ ತರಬೇತುದಾರರಾದ ಬ್ರೆಲೆಂಡ್ ದಂಪತಿ ಹಂದಿಗೆ ನಾಣ್ಯಗಳನ್ನು ಹುಂಡಿಗೆ ಹಾಕಲು ಕಲಿಸಿದ್ದರು. ಕೆಲ ವಾರಗಳಲ್ಲೇ ಅದು ನಾಣ್ಯವನ್ನು ನೆಲಕ್ಕೆ ಬೀಳಿಸಿ ಮೂತಿಯಿಂದ ಕೆದಕತೊಡಗಿತು. ಹುಟ್ಟುಗುಣ ಕಲಿಕೆಯನ್ನು ಮೀರಿತೆಂದು ಅವರು 1961ರಲ್ಲಿ ಬರೆದರು. ಹಂದಿ ಏನು ಮಾಡಬಯಸುತ್ತದೋ ಅದರ ಸುತ್ತ ದೃಶ್ಯ ಬರೆಯುವುದು ನಿರ್ದೇಶಕನಿಗೂ ಹಗುರ, ಹಂದಿಗೂ ಹಗುರ.

ಈಗ ನಮ್ಮ ಜಿಲ್ಲೆಯ ಹುಡುಗರೂ ಮೊಬೈಲಿನಲ್ಲಿ ಕಿರುಚಿತ್ರ ಮಾಡುತ್ತಾರೆ, ಅದರಲ್ಲಿ ಮನೆಯ ನಾಯಿಗೂ ಒಂದು ಪಾತ್ರ. ಅವರಿಗೆ ಹೇಳಬೇಕಾದ ಮಾತೊಂದಿದೆ. ರಾಯಚೂರಿನ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಮೆತ್ತೆಗಳಲ್ಲಿ ಒಂದಿಷ್ಟು ಬೆವರುತ್ತದೆ, ಮೈಯ ಕಾವು ಇಳಿಯುವುದು ಹೆಚ್ಚಾಗಿ ತೇಕುವುದರಿಂದ. ಬಾಯಿ ಅಗಲಿಸಿ, ನಾಲಿಗೆ ಜೋತುಬಿಟ್ಟ ಆ ಮುಖ ಪರದೆಯ ಮೇಲೆ ನಗುವಿನಂತೆ ಕಾಣುತ್ತದೆ. ಅದನ್ನು ಕಂಡಾಗ ‘ಚೆಂದ ಬಂತು, ಇನ್ನೊಂದು ಟೇಕ್’ ಎನ್ನದೆ ಕ್ಯಾಮೆರಾ ನಿಲ್ಲಿಸಿ, ನೆರಳಿಗೆ ಕರೆದು ನೀರಿಡಬೇಕು. ಮುಂದಿನ ಟೇಕನ್ನು ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲೇ ತೆಗೆಯಬಹುದು.