ಬೇಡದ ಉಡುಗೊರೆ: ವಾರ್ಸಾದ ಸಂಸ್ಕೃತಿ ಅರಮನೆ

ಯಾರೋ ಕೊಟ್ಟ ಉಡುಗೊರೆ ನಿಮಗೆ ಹಿಡಿಸಲಿಲ್ಲ ಎನ್ನಿ. ಅಟ್ಟದ ಮೇಲಿಟ್ಟು ಮರೆತುಬಿಡಬಹುದು. ಆದರೆ ಆ ಉಡುಗೊರೆ 237 ಮೀಟರ್ ಎತ್ತರವಿದ್ದು, ಊರಿನ ನಟ್ಟನಡುವೆ ನಿಂತಿದ್ದರೆ ಏನು ಮಾಡುತ್ತೀರಿ? ಪೋಲೆಂಡಿನ ರಾಜಧಾನಿ ವಾರ್ಸಾದ ಜನ ಎದುರಿಸಿದ್ದು ಇದೇ ಪ್ರಶ್ನೆಯನ್ನು.

1944ರಲ್ಲಿ ವಾರ್ಸಾದ ಜನ ನಾಜಿಗಳ ವಿರುದ್ಧ ದಂಗೆ ಎದ್ದರು. ದಂಗೆಯನ್ನು ಅಡಗಿಸಿದ ನಾಜಿ ಸೈನ್ಯ ನಗರವನ್ನು ಸುಟ್ಟು, ಸಿಡಿಮದ್ದಿಟ್ಟು ನೆಲಸಮ ಮಾಡಿತು. ಸೋವಿಯತ್ ಸೈನ್ಯ ಆಗ ವಿಸ್ಟುಲಾ ನದಿಯ ಆಚೆ ದಡದಲ್ಲಿತ್ತು; ನೆರವಿಗೆ ಬರಲಿಲ್ಲವೆಂಬ ನೋವು ಅಲ್ಲಿಯವರಲ್ಲಿ ಉಳಿಯಿತು. ಯುದ್ಧಾನಂತರ ದೇಶ ಮಾಸ್ಕೋದ ಹಿಡಿತಕ್ಕೆ ಬಂತು. 1952ರ ಏಪ್ರಿಲ್‌ನಲ್ಲಿ ಒಪ್ಪಂದವಾಗಿ, ಸೋವಿಯತ್ ಜನತೆಯ ಕೊಡುಗೆಯೆಂದು ಸಂಸ್ಕೃತಿ ಮತ್ತು ವಿಜ್ಞಾನ ಅರಮನೆಯ ಕೆಲಸ ಶುರುವಾಯಿತು. ಅದಕ್ಕೆ ಸ್ಟಾಲಿನ್ ಹೆಸರನ್ನಿಟ್ಟರು.

ವಾಸ್ತುಶಿಲ್ಪಿ ಲೆವ್ ರುಡ್ನೆವ್. ಮಾಸ್ಕೋ ವಿಶ್ವವಿದ್ಯಾಲಯದ ಗಗನಚುಂಬಿಯೂ ಅವರದೇ ವಿನ್ಯಾಸ. ಅವರ ತಂಡ ಪೋಲೆಂಡಿನ ಹಳೆಯ ಊರುಗಳನ್ನು ಸುತ್ತಿ, ಅಲ್ಲಿನ ಕಟ್ಟಡಗಳ ಅಲಂಕಾರದ ಕೈಪಿಡಿ ಗೋಡೆಗಳನ್ನು ಇಲ್ಲಿಗೂ ತಂದಿತು. ಸೋವಿಯತ್ ದೇಶದಿಂದ ಸಾವಿರಾರು ಕೆಲಸಗಾರರು ಬಂದರು. ಸುಮಾರು 4 ಕೋಟಿ ಇಟ್ಟಿಗೆ ಬಳಕೆಯಾದರೂ ಭಾರ ಹೊರುವುದು ಇಟ್ಟಿಗೆಯಲ್ಲ, ಒಳಗಿನ ಉಕ್ಕಿನ ಚೌಕಟ್ಟು. ನಮ್ಮ ದೇಹಕ್ಕೆ ಎಲುಬಿದ್ದಂತೆ ಅದು. ಗೋಡೆಗಳು ಬರೀ ಹೊದಿಕೆ. 3,288 ಕೋಣೆಗಳ ಈ ಕಟ್ಟಡ ಮೂರೇ ವರ್ಷಗಳಲ್ಲಿ ಮುಗಿದು, 1955ರ ಜುಲೈನಲ್ಲಿ ಬಾಗಿಲು ತೆರೆಯಿತು.

ಟಿ.ವಿ.ಗೂ ಇದು ನೆರವಾಯಿತು. ಟಿ.ವಿ. ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಭೂಮಿ ಗುಂಡಗಿರುವುದರಿಂದ ಆಂಟೆನಾ ಎತ್ತರದಲ್ಲಿದ್ದಷ್ಟೂ ಅವು ದೂರ ತಲುಪುತ್ತವೆ. ಹೀಗಾಗಿ 1950ರ ದಶಕದಲ್ಲೇ ಅರಮನೆಯ ಶಿಖರದಿಂದ ಪ್ರಸಾರ ನಡೆಯಿತು.

ಜನ ಕಟ್ಟಡವನ್ನು ಬೈದರು, ಬಳಸಿದರು ಕೂಡ. ವಾರ್ಸಾದ ಅತ್ಯಂತ ಸುಂದರ ನೋಟ ಸಿಗುವುದು ಅರಮನೆಯ ಮೇಲಿನಿಂದ, ಏಕೆಂದರೆ ಅಲ್ಲಿಂದ ಮಾತ್ರ ಅರಮನೆ ಕಾಣುವುದಿಲ್ಲ ಎಂಬುದು ಊರಿನ ಹಳೆಯ ನಗೆಮಾತು. ಅಷ್ಟರಲ್ಲೇ ಮಕ್ಕಳು ಒಳಗಿನ ಕೊಳದಲ್ಲಿ ಈಜು ಕಲಿತರು, ದೊಡ್ಡವರು ನಾಟಕ, ಸಿನಿಮಾ ನೋಡಿದರು. ಪಕ್ಷದ ಅಧಿವೇಶನಗಳು ನಡೆಯುತ್ತಿದ್ದ ಸಭಾಂಗಣದಲ್ಲಿ 1967ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ರಾಕ್ ಸಂಗೀತ ಮೊಳಗಿತು.

ಸ್ಟಾಲಿನ್ ಹೆಸರು ಬಹಳ ಕಾಲ ಉಳಿಯಲಿಲ್ಲ. ಹೊರಗೋಡೆಯ ಬಳಿ ಪುಸ್ತಕ ಹಿಡಿದು ನಿಂತ ಶ್ರಮಿಕನ ಪ್ರತಿಮೆಯೊಂದಿದೆ. ಪುಸ್ತಕದ ಮೇಲೆ ಮಾರ್ಕ್ಸ್, ಎಂಗೆಲ್ಸ್, ಲೆನಿನ್ ಹೆಸರುಗಳಿವೆ, ನಾಲ್ಕನೆಯದನ್ನು ಅಳಿಸಲಾಗಿದೆ.

1989ರಲ್ಲಿ ಕಮ್ಯುನಿಸ್ಟ್ ಆಳ್ವಿಕೆ ಕೊನೆಗೊಂಡ ಮೇಲೆ, ಕೆಡವಿಬಿಡಿ ಎಂಬ ಕೂಗು ಎದ್ದಿತು. ದಾಸ್ಯದ ಗುರುತು ಕಣ್ಣೆದುರು ಏಕಿರಬೇಕು ಎಂದು ಕೇಳಿದವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೂ 2007ರಲ್ಲಿ ಅರಮನೆ ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿತು. 310 ಮೀಟರಿನ ವಾರ್ಸೋ ಗೋಪುರ ಮೇಲೆದ್ದು, 2021ರಲ್ಲಿ ದೇಶದ ಅತಿ ಎತ್ತರದ ಕಟ್ಟಡವೆಂಬ ಪಟ್ಟವೂ ಇದರ ಕೈಬಿಟ್ಟಿತು.

ಕಟ್ಟಡವನ್ನು ಕೊಟ್ಟವರ ಉದ್ದೇಶ ಒಂದಿತ್ತು; ಎಪ್ಪತ್ತು ವರ್ಷ ಬಳಸಿದವರ ಬದುಕು ಅದಕ್ಕೆ ಬೇರೆಯೇ ಅರ್ಥ ಕೊಟ್ಟಿದೆ. ಕೆಡವಿದರೆ ಮೊದಲನೆಯದರ ಜೊತೆಗೆ ಎರಡನೆಯದೂ ಹೋಗುತ್ತದೆ. ನಿಮ್ಮ ಊರಿನಲ್ಲಿ ಇಂಥ ಕಟ್ಟಡವಿದ್ದಿದ್ದರೆ ನೀವು ಯಾವ ಕಡೆ ಕೈ ಎತ್ತುತ್ತಿದ್ದಿರಿ?